ರಾಗಿ ಸುರಿದರೆ ನಡೆಯುವವಳು

ರಾಗಿ ಕೇರಿ ತಗಡಿನ ಡಬ್ಬಕ್ಕೆ ಸುರಿಯುವ ಸದ್ದು ಕೇಳಿದರೆ ನಾನು ಇವತ್ತಿಗೂ ಏನಾದರೊಂದು ನೆಪ ಹೇಳಿ ಹಿತ್ತಲಿಗೆ ಹೋಗಿಬಿಡುತ್ತೇನೆ. ಮನೆಯವರಿಗೆ ಕಾರಣ ಗೊತ್ತು. ಕೇಳುವುದಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಮ್ಮ ಯಜಮಾನರಿಗೆ ಶಿರಂಗಾಲದ ಹತ್ತಿರದ ಒಂದು ಹಳ್ಳಿಯ ಶಾಲೆಗೆ ವರ್ಗವಾಯಿತು. ಕೊಡಗು ಎಂದರೆ ಜಿಗಣೆ, ಜಡಿಮಳೆ, ಕಾಫಿ ಕಾಡು ಎಂದುಕೊಂಡು ನಮ್ಮ ತಾಯಿ ಮೈಸೂರಿನಲ್ಲಿ ಬಸ್ಸು ಹತ್ತಿಸುವಾಗ ಕಣ್ಣೊರೆಸಿಕೊಂಡಿದ್ದರು. ಬಂದು ನೋಡಿದರೆ ಕಾಫಿ ಗಿಡ ಕಣ್ಣಿಗೂ ಬೀಳಲಿಲ್ಲ. ಒಂದು ಕಡೆ ಹೊಳೆ, ಇನ್ನೊಂದು ಕಡೆ ರಾಗಿ ಹೊಲ, ನಡುವೆ ಹಾಸನ, ಮೈಸೂರು ಸೀಮೆಗಳಿಂದ ಬಂದು ನೆಲೆಸಿದ ಒಕ್ಕಲು ಮನೆಗಳು. ಊರ ಬಾಯಲ್ಲಿ ಮಲೆಯಾಳದ ಕಾಕಾನ ಚಾಯದ ಅಂಗಡಿ. ಬಸ್ಸು ನಿಲ್ಲುವುದೂ ಅಲ್ಲೇ, ಊರಿನ ಸುದ್ದಿಯೆಲ್ಲ ಇಳಿಯುವುದೂ ಅಲ್ಲೇ.

ನಾನು ತಂದ ಸಾಮಾನಿನಲ್ಲಿ ಒಂದು ಟ್ರಂಕು ತುಂಬ ನವರಾತ್ರಿಯ ಬೊಂಬೆಗಳಿದ್ದವು. ಇನ್ನೊಂದು ಸಣ್ಣ ತಗಡಿನ ಪೆಟ್ಟಿಗೆ ಇತ್ತು. ಅದನ್ನು ಬೇರೆಯವರ ಎದುರು ತೆರೆಯುತ್ತಿರಲಿಲ್ಲ. ಕೆಟ್ಟುಹೋದ ಅಲಾರಂ ಗಡಿಯಾರದ ಹಲ್ಲುಚಕ್ರಗಳು, ದಾರ ಮುಗಿದ ಮರದ ರೀಲುಗಳು, ಸೈಕಲ್ ಚಕ್ರದ ಕಡ್ಡಿಗಳು, ನಶ್ಯದ ಡಬ್ಬಿಯ ಮುಚ್ಚಳಗಳು. ಹೆಣ್ಣುಮಗಳ ಪೆಟ್ಟಿಗೆಯಲ್ಲಿ ಇರುವಂಥ ವಸ್ತುಗಳೇ ಅಲ್ಲ ಅವು. ಆದರೆ ಚಿಕ್ಕಂದಿನಿಂದ ನನಗೆ ಒಂದು ಚಟ. ನಿಂತ ವಸ್ತುವನ್ನು ಕಂಡರೆ ಇದು ಅಲ್ಲಾಡಿದರೆ ಹೇಗಿರುತ್ತದೆ ಎನ್ನಿಸುತ್ತಿತ್ತು. ಮಧ್ಯಾಹ್ನ ಅಡುಗೆಮನೆ ಸಾರಿಸಿದ ಮೇಲೆ ಪೆಟ್ಟಿಗೆ ಬಿಚ್ಚಿಕೊಂಡು ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಶಾಲೆಯಿಂದ ಬಂದವರು ಬಾಗಿಲಲ್ಲೇ ನಿಂತು ಕೇಳುತ್ತಿದ್ದರು:

"ಏನು ಇಂಜಿನಿಯರ್ ಸಾಹೇಬ್ರೆ, ಒಂದು ಲೋಟ ಕಾಫಿಗೆ ಅರ್ಜಿ ಹಾಕ್ಬೇಕೋ, ಹಾಗೇ ಸಿಗತ್ತೋ?"

ನಮ್ಮ ಮನೆಗೆ ಹಾಲು ತರುತ್ತಿದ್ದವಳು ಊರ ಕೊನೆಯ ಮನೆಯ ಹುಡುಗಿ. ತಂದೆ ಇಲ್ಲ. ತಾಯಿ ಮಗಳು ಇಬ್ಬರೇ ದನ ಕಟ್ಟಿಕೊಂಡು ಬದುಕುತ್ತಿದ್ದರು. ಚಿಕ್ಕವಳಿದ್ದಾಗ ಜ್ವರ ಬಂದು ಒಂದು ಕಾಲು ಸೊರಗಿತ್ತು. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಹಾಲಿನ ಪಾತ್ರೆ. ಹೆಜ್ಜೆ ಹೆಜ್ಜೆಗೂ ಮೈ ಒಂದು ಪಕ್ಕಕ್ಕೆ ಬಾಗಿ ಏಳುತ್ತಿತ್ತು. ಪಾತ್ರೆ ಮಾತ್ರ ಮೇಲಿನಿಂದ ಹಗ್ಗ ಕಟ್ಟಿ ಇಳಿಬಿಟ್ಟ ಹಾಗೆ ನೆಟ್ಟಗೆ ಬರುತ್ತಿತ್ತು. ಬೆಳಗ್ಗೆ ಒಲೆ ಹೊತ್ತಿಸಿ ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತಿರುತ್ತಿದ್ದೆ. ಬೀದಿಯ ತಿರುವಿನಿಂದ ನಮ್ಮ ಬೇಲಿ ಬಾಗಿಲವರೆಗೆ ಅವಳು ಬರುವುದನ್ನು ನೋಡುವುದು ನನಗೆ ದಿನದ ಮೊದಲ ಕೆಲಸ. ಚೆನ್ನಾಗಿ ಕಾಣುತ್ತಿತ್ತು. ಆಮೇಲೆ ಈ ಮಾತನ್ನು ನನ್ನ ಪರವಾಗಿ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

"ಅಕ್ಕೋರೆ, ಹಾಲು! ಇನ್ನೂ ಪಾತ್ರೆ ತೊಳ್ದಿಲ್ವಾ? ಮೇಷ್ಟ್ರು ಮನೇಲೇ ಹಿಂಗ್ ಲೇಟಾದ್ರೆ ಮಕ್ಕಳ್ಗೆ ಯಾವ್ ಬಾಯಲ್ಲಿ ಬೈತಾರೆ?"

"ನೀನು ಕೋಳಿಗಿಂತ ಮೊದಲು ಎದ್ದು ಬಂದ್ರೆ ನಾನೇನು ಮಾಡಲಿ?"

"ಕೋಳೀನೂ ನಾನೇ ಎಬ್ಬಿಸ್ತೀನಿ, ಗೊತ್ತಾ?"

ಹಾಲು ಅಳೆದು ಮೇಲೊಂದು ಸೌಟು ಹೆಚ್ಚಿಗೆ ಸುರಿದು ನಗುತ್ತ ಹೋಗುತ್ತಿದ್ದಳು.

ಎರಡನೆಯ ವರ್ಷದ ನವರಾತ್ರಿಗೆ ಏನಾದರೂ ನಡೆಯುವಂಥದ್ದು ಮಾಡಬೇಕೆಂದು ಹಟ ಹತ್ತಿತು. ಮೈಸೂರಿನಲ್ಲಿ ನಮ್ಮ ನೆಂಟರ ಮನೆಯಲ್ಲಿ ತೊಟ್ಟಿಲು ತೂಗುವ ಬೊಂಬೆ ಇತ್ತು. ಪರದೆಯ ಹಿಂದೆ ಯಾರಾದರೂ ಕೂತು ದಾರ ಎಳೆಯಬೇಕಿತ್ತು. ನನಗೆ ಅದು ಬೇಡ. ಕೈ ಹಚ್ಚದೆ ತಾನೇ ನಡೆಯಬೇಕು. ನೀರು ಬಿಟ್ಟು ನೋಡಿದೆ, ಬೊಂಬೆಯ ಬಟ್ಟೆ ಒದ್ದೆಯಾಯಿತು. ಹೊಳೆ ಮರಳು ಹಾಕಿದೆ, ಸ್ವಲ್ಪ ತಂಪಿಗೇ ಕಟ್ಟಿಕೊಂಡಿತು. ಒಂದು ಮಧ್ಯಾಹ್ನ ಮೊರದಿಂದ ಡಬ್ಬಕ್ಕೆ ರಾಗಿ ಸುರಿಯುತ್ತಿದ್ದೆ. ಕಾಳು ನೀರಿನ ಹಾಗೆ ಹರಿಯಿತು. ಮೊರ ಕೆಳಗಿಟ್ಟು ಪೆಟ್ಟಿಗೆ ತಂದೆ.

ಸೀಮೆಎಣ್ಣೆ ಡಬ್ಬದ ತಳಕ್ಕೆ ಸಣ್ಣ ತೂತು. ಅದರ ಕೆಳಗೆ ಒಂದು ಚಕ್ರ, ಚಕ್ರದ ಸುತ್ತ ನಶ್ಯದ ಡಬ್ಬಿಯ ಮುಚ್ಚಳಗಳು ಬಟ್ಟಲಿನ ಹಾಗೆ. ರಾಗಿ ಬಿದ್ದು ಬಟ್ಟಲು ತುಂಬಿದರೆ ಚಕ್ರ ತಿರುಗುತ್ತದೆ, ಬಟ್ಟಲು ಬರಿದಾಗುತ್ತದೆ, ಮುಂದಿನದು ತುಂಬುತ್ತದೆ. ಚಕ್ರದ ಅಚ್ಚು ಸೈಕಲ್ ಕಡ್ಡಿ. ಅದೇ ಕಡ್ಡಿಗೆ ಎರಡು ದಾರದ ರೀಲು ಪೋಣಿಸಿ, ಒಂದೊಂದರ ಮೇಲೆ ಬೊಂಬೆಯ ಒಂದೊಂದು ಕಾಲು ಊರುವ ಹಾಗೆ ನಿಲ್ಲಿಸಿದೆ. ರೀಲಿನ ತೂತು ಸರಿಯಾಗಿ ನಡುವೆ ಇದ್ದರೆ ಕಾಲು ಅಲ್ಲಾಡುವುದಿಲ್ಲ, ನಡುವಿನಿಂದ ಸರಿಸಿ ಕೊರೆದರೆ ಕಾಲು ಏಳುತ್ತದೆ, ಇಳಿಯುತ್ತದೆ. ಹಳೆಯ ಕಾಗದ ನೆನೆಸಿ ಮೆಂತ್ಯದ ಜೊತೆ ರುಬ್ಬಿ ಬೊಂಬೆಯ ತಲೆ, ಕೈಕಾಲು ಮಾಡಿದ್ದೆ. ಯಂತ್ರವೆಲ್ಲ ಬೊಂಬೆಯ ಬೆನ್ನ ಹಿಂದೆ. ಹಾಗಾಗಿ ಅದರ ಮುಖ ಗೋಡೆಯ ಕಡೆಗೆ, ಬೆನ್ನು ನನ್ನ ಕಡೆಗೆ ಇಟ್ಟುಕೊಂಡೇ ಕೆಲಸ ಮಾಡಬೇಕಿತ್ತು.

ನಡೆಯಿತು. ಆದರೆ ಕವಾಯತು ಮಾಡುವ ಪೊಲೀಸಿನವನ ಹಾಗೆ ನಡೆಯಿತು. ಎಡ ಬಲ, ಎಡ ಬಲ. ಜೀವವಿಲ್ಲ. ಎಷ್ಟೋ ರೀಲು ಕೊರೆದು ಹಾಳು ಮಾಡಿದೆ. ಒಂದು ಬೆಳಗ್ಗೆ ಕಿಟಕಿಯಲ್ಲಿ ನಿಂತಿದ್ದೆ, ಅವಳು ಬರುತ್ತಿದ್ದಳು. ಇದಲ್ಲವೇ ಎನ್ನಿಸಿತು. ಅವತ್ತು ಮಧ್ಯಾಹ್ನವೇ ಒಂದು ರೀಲಿನ ತೂತನ್ನು ಇನ್ನಷ್ಟು ಅಂಚಿಗೆ ಸರಿಸಿದೆ. ರಾಗಿ ಬಿಟ್ಟೆ. ಬೊಂಬೆ ಬಾಗಿತು, ಎದ್ದಿತು, ಬಾಗಿತು, ಎದ್ದಿತು. ತಲೆಯ ಮೇಲೆ ಒಂದು ಮಣ್ಣಿನ ಕುಡಿಕೆ ಇಟ್ಟೆ. ಡಬ್ಬ ಬರಿದಾದ ಹಾಗೆಲ್ಲ ಮತ್ತೆ ಮತ್ತೆ ರಾಗಿ ಸುರಿದು ನೋಡಿದೆ. ಅಷ್ಟು ಸಂತೋಷ.

ಸಂಜೆ ಯಜಮಾನರು ನೋಡಿದರು. "ಇದು ನಮ್ಮ ಹಾಲಿನ ಹುಡುಗಿ ಅಲ್ವೇನೇ?" ಎಂದರು.

"ಚೆನ್ನಾಗಿದ್ಯಾ?"

"ಚೆನ್ನಾಗೇನೋ ಇದೆ. ಅವಳನ್ನ ಒಂದು ಮಾತು ಕೇಳಿದ್ಯಾ?"

"ಅವಳನ್ನ ಕೇಳೋದೇನು, ಬೊಂಬೆ ತಾನೆ?"

ಅವರು ಕೈಕಾಲು ತೊಳೆಯಲು ಹೋದರು.

ಆ ಊರಿನಲ್ಲಿ ಬೊಂಬೆ ಕೂರಿಸುವ ಪದ್ಧತಿ ಇರಲಿಲ್ಲ. ಆದರೂ ಮೇಷ್ಟ್ರ ಮನೆಯಲ್ಲಿ ಬೊಂಬೆ ಇಟ್ಟಿದ್ದಾರಂತೆ ಎಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಹೆಂಗಸರು ಮಕ್ಕಳು ಬರುತ್ತಿದ್ದರು. ಮೆಟ್ಟಿಲ ಮೇಲೆ ಪಟ್ಟದ ಬೊಂಬೆ, ಶೆಟ್ಟಿ ಬೊಂಬೆ, ದೇವರ ಬೊಂಬೆಗಳು. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲಿ ನನ್ನ ಹೊಸ ಬೊಂಬೆ. ಅದರ ಹಿಂದೆ ನನ್ನ ಹಳೆಯ ಸೀರೆಯ ಪರದೆ. ಮೊದಲ ಸಂಜೆ ಎಲ್ಲರೂ ಕೂತ ಮೇಲೆ ಪರದೆಯ ಹಿಂದೆ ಹೋಗಿ ಡಬ್ಬಕ್ಕೆ ರಾಗಿ ಸುರಿದೆ. ಮಕ್ಕಳು ಮೊಣಕಾಲೂರಿ ಮುಂದೆ ಸರಿದವು. ಆಮೇಲೆ ಒಬ್ಬಳು ಕೂಗಿದಳು:

"ಅಯ್ಯಯ್ಯೋ, ನಮ್ ಹಾಲ್ನೋಳು ಕಣ್ರೇ!"

"ಅವ್ಳೇ ಕಣೇ, ಅದೇ ಓಲಾಟ!"

"ಕೇಳ್ರೇ ಅವಳ್ನ, ಹಾಲಿಗೆ ಎಷ್ಟು ನೀರು ಹಾಕಿದ್ದೀ ಅಂತ!"

ಮನೆ ನಗುವಿನಲ್ಲಿ ಮುಳುಗಿತು. ಹೇಗೆ ಗುರುತು ಹಿಡಿದರು ನೋಡು ಎಂದು ನನಗೆ ಹೆಮ್ಮೆ. ನಾನೂ ನಕ್ಕೆ. ಅವಳು ಅಲ್ಲಿರಲಿಲ್ಲ. ಅದು ಅವರ ಮನೆಯಲ್ಲಿ ಹಾಲು ಕರೆಯುವ ಹೊತ್ತು.

ಮಾರನೆಯ ಬೆಳಗ್ಗೆ ಅವಳ ಹಿಂದೆ ಒಂದು ಹಿಂಡು ಮಕ್ಕಳು ಬಂದವು. ತಲೆಯ ಮೇಲೆ ಕೈ ಇಟ್ಟುಕೊಂಡು, ಒಂದು ಪಕ್ಕಕ್ಕೆ ಬಾಗಿ ಏಳುತ್ತ. ನಾನು ಕಿಟಕಿಯಿಂದಲೇ ಗದರಿದೆ. ಅವಳು ಹಾಲು ಅಳೆಯುತ್ತ ಕೇಳಿದಳು:

"ಏನ್ ಅಕ್ಕೋರೆ, ನನ್ನ ದೇವ್ರುಗಳ್ ಜೊತೆ ಕೂರ್ಸಿದ್ದೀರಂತೆ?"

"ಸಂಜೆ ಬಂದು ನೋಡೇ. ಎಷ್ಟು ಚೆನ್ನಾಗಿದೆ ಗೊತ್ತಾ?"

"ನನ್ನ ನಾನೇ ಏನ್ ನೋಡ್ಲಿ? ದನ ಕಾಯ್ತಾ ಇರ್ತವೆ."

ಬಾಯಿ ನಗುತ್ತಿತ್ತು. ಅವತ್ತು ಹೆಚ್ಚಿನ ಸೌಟು ಹಾಕಲಿಲ್ಲ.

ಬೊಂಬೆಯನ್ನು ತೆಗೆದುಬಿಡಲೇ ಎಂದು ಅವತ್ತು ಮಧ್ಯಾಹ್ನ ಮೆಟ್ಟಿಲ ಮುಂದೆ ನಿಂತದ್ದು ನೆನಪಿದೆ. ಆದರೆ ಒಮ್ಮೆ ಕೂರಿಸಿದ ಬೊಂಬೆಯನ್ನು ವಿಜಯದಶಮಿಯ ರಾತ್ರಿ ಮಲಗಿಸುವ ತನಕ ಕದಲಿಸಬಾರದು ಎಂದು ನಮ್ಮ ತಾಯಿ ಕಲಿಸಿದ್ದರು. ನಡುವೆ ಎತ್ತಿದರೆ ಮನೆಗೆ ಒಳ್ಳೆಯದಲ್ಲ. ಶಾಸ್ತ್ರವೇ ಹಾಗಿದೆ, ನಾನೇನು ಮಾಡಲಿ ಎಂದುಕೊಂಡೆ. ಬೊಂಬೆ ಕದಲಿಸಬಾರದು ನಿಜ. ರಾಗಿ ಸುರಿಯಲೇಬೇಕು ಎಂದು ಯಾವ ಶಾಸ್ತ್ರ ಹೇಳಿತ್ತು? ಡಬ್ಬ ಬರಿದಾಗಿ ಬಿಟ್ಟಿದ್ದರೆ ಅವಳು ಮೆಟ್ಟಿಲ ಮೇಲೆ ಎಲ್ಲ ಬೊಂಬೆಗಳ ಹಾಗೆ ಸುಮ್ಮನೆ ನಿಂತಿರುತ್ತಿದ್ದಳು. ಆ ಯೋಚನೆ ಬಂದಿತ್ತು. ಬಂದದ್ದನ್ನು ಕೂಡಲೇ ಆಚೆ ಕಳಿಸಿದೆ. ಸಂಜೆ ಜನ ಇನ್ನೂ ಹೆಚ್ಚು ಬಂದರು, ನಾನು ಮತ್ತೆ ರಾಗಿ ಸುರಿದೆ.

ಹಬ್ಬ ಮುಗಿಯುವ ಮೊದಲೇ ಮಾಡುವುದು ಹೇಗೆಂದು ಕೇಳಿಕೊಂಡು ಬರುವವರು ಶುರುವಾದರು. ನನಗೆ ಬಚ್ಚಿಡುವ ಬುದ್ಧಿ ಇಲ್ಲ. ಪುಸ್ತಕದ ರಟ್ಟಿನಲ್ಲಿ ಚಕ್ರದ ಅಳತೆ, ರೀಲಿನ ಅಳತೆ ಕತ್ತರಿಸಿ, ತೂತು ಎಲ್ಲಿ ಬರಬೇಕೋ ಅಲ್ಲಿ ಸೂಜಿಯಿಂದ ಚುಚ್ಚಿ ಕೊಡುತ್ತಿದ್ದೆ. ರಟ್ಟು ಇಟ್ಟುಕೊಂಡು ಚುಚ್ಚಿದ ಕಡೆ ಕೊರೆದರೆ ಯಾರು ಬೇಕಾದರೂ ಮಾಡಬಹುದು. ತವರಿಗೆ ಹೋಗುವವರು ಎರಡು ರಟ್ಟು ಕೇಳಿದರು, ಎರಡು ಕೊಟ್ಟೆ. ಯಜಮಾನರು ಶಾಲೆಯಲ್ಲಿ ಉಳಿದ ರಟ್ಟುಗಳನ್ನೆಲ್ಲ ತಂದುಕೊಟ್ಟರು. ನನ್ನ ಪೆಟ್ಟಿಗೆಯನ್ನು ಕಂಡು ನಗದೆ ಇದ್ದ ಊರು ಅದೊಂದೇ.

ಕಾಕಾ ಕೂಡ ಬಂದರು, ಚಪ್ಪಲಿ ದೂರದಲ್ಲೇ ಬಿಟ್ಟು, ಮುಂಡು ಇಳಿಬಿಟ್ಟುಕೊಂಡು.

"ಟೀಚರಮ್ಮ, ನಂಗೆ ಅದು ಒಂದು ಬೇಕಲ್ಲ. ಅಂಗಡೀಲಿ ಇಟ್ರೆ ಜನ ನಿಲ್ತದೆ. ನಿಂತ ಜನ ಚಾಯ ಕುಡೀತದೆ."

"ರಾಗಿ ಯಾರು ಸುರೀತಾರೆ ಕಾಕಾ?"

"ಯಾರು ಚಾಯ ಕುಡಿದ್ರೆ ಅವ್ರೇ ಸುರೀಲಿ. ಗ್ಲಾಸ್ ಮಾತ್ರ ನಾನು ತೊಳೀತೇನೆ."

ಅವರಿಗೆ ನಾನೇ ಕೂತು ಮಾಡಿಕೊಟ್ಟೆ. ಅಂಗಡಿಯ ಮುಂದಿನ ಹಲಗೆಯ ಮೇಲೆ, ಬೀದಿಗೆ ಮುಖ ಮಾಡಿ, ಅದು ದಿನವಿಡೀ ನಡೆಯುತ್ತಿತ್ತು. ಹಾಲಿನ ಹುಡುಗಿ ಅದೇ ಬೀದಿಯಲ್ಲಿ ಬರಬೇಕಿತ್ತು. ಸ್ವಲ್ಪ ದಿನದಲ್ಲಿ ಅವಳು ಬೀದಿ ಬಿಟ್ಟು ಹೊಲದ ಬದುವಿನ ಮೇಲೆ ಸುತ್ತು ಹಾಕಿಕೊಂಡು ಬರತೊಡಗಿದಳು. "ಯಾಕೇ, ಈ ಕಡೆಯಿಂದ?" ಎಂದು ಕೇಳಿದ್ದಕ್ಕೆ, "ಇಬ್ನಿ ಮೇಲೆ ನಡುದ್ರೆ ಕಾಲಿಗೆ ಒಳ್ಳೇದಂತೆ ಅಕ್ಕೋರೆ" ಎಂದಳು.

ಕಾರ್ತಿಕದಲ್ಲಿ ಅವಳ ತಾಯಿ ಮನೆಗೆ ಬಂದರು. ಪಿರಿಯಾಪಟ್ಟಣದ ಕಡೆಯಿಂದ ಗಂಡಿನವರು ನೋಡಲು ಬರುತ್ತಿದ್ದಾರೆ, ಒಂದು ಒಳ್ಳೆಯ ಸೀರೆ ಬೇಕಾಗಿತ್ತು.

"ಕಾಲಿನ್ ವಿಷ್ಯ ಮೊದ್ಲೇ ಹೇಳಿ ಕಳ್ಸಿವ್ನಿ ಅಮ್ಮೋರೆ. ಕೆಲ್ಸಕ್ಕೆ ತೊಂದ್ರೆ ಇಲ್ಲ ಅಂದ್ರೆ ನಮ್ಗೇನಿಲ್ಲ ಅಂದವ್ರೆ. ಇಂಥ ಮಾತು ಆಡೋ ಜನ ಮೊದ್ಲು ಸಿಕ್ಕಿರದು. ನೀವೂ ಒಸಿ ಬಂದು ನಿಂತ್ಕಳಿ. ಓದ್ದೋರು ಪಕ್ಕದಲ್ಲಿದ್ರೆ ನಂಗೂ ಧೈರ್ಯ."

ನನ್ನ ಮದುವೆಯ ಸೀರೆಯನ್ನೇ ತೆಗೆದುಕೊಟ್ಟೆ. ಗಂಡಿನವರು ಬಸ್ಸಿನಲ್ಲಿ ಬರುತ್ತಾರೆ, ಬಸ್ಸು ಕಾಕಾನ ಅಂಗಡಿಯ ಮುಂದೆ ನಿಲ್ಲುತ್ತದೆ ಎಂಬುದು ಹಿಂದಿನ ದಿನ ಅವರಿಗಾಗಿ ಕಡಲೆಹಿಟ್ಟು ಹುರಿಯುತ್ತಿದ್ದಾಗ ನನ್ನ ತಲೆಗೆ ಹೊಳೆಯಿತು. ಸೌಟು ಬಾಣಲೆಯಲ್ಲೇ ನಿಂತಿತು. ಕಾಕಾನಿಗೆ ಹೇಳಿ ನಾಳೆಯ ಮಟ್ಟಿಗೆ ಅದರ ಮೇಲೊಂದು ಚೀಲ ಹೊದಿಸಬೇಕು. ಆದರೆ ಏನೆಂದು ಹೇಳುವುದು? ಆ ಬೊಂಬೆ ಈ ಹುಡುಗಿಯೇ ಎಂದು ನನ್ನ ಬಾಯಿಂದ ನಾನೇ ಹೇಳಿದ ಹಾಗಾಗುತ್ತದೆ. ಅಲ್ಲಿಯವರೆಗೆ ಊರು ಹೇಳಿತ್ತು, ಮಕ್ಕಳು ಹೇಳಿದ್ದವು, ನಾನು ಹೇಳಿರಲಿಲ್ಲ. ಹಿಟ್ಟು ತಳ ಹಿಡಿಯುವ ವಾಸನೆ ಬಂತು. ಸೌಟು ಆಡಿಸಿದೆ. ಕಾಕಾನ ಅಂಗಡಿಗೆ ಹೋಗಲಿಲ್ಲ.

ಗಂಡಿನವರು ಮೂವರು ಬಂದರು. ಹುಡುಗ, ಅವನ ತಾಯಿ, ಅವನ ಸೋದರಮಾವ. ಒಳ್ಳೆಯ ಜನ, ಈಗಲೂ ಹಾಗೆಯೇ ಹೇಳುತ್ತೇನೆ. ಜಗಲಿಯ ಮೇಲೆ ಚಾಪೆ ಹಾಸಿತ್ತು. ಹುಡುಗಿ ತಟ್ಟೆ ತಂದು ಇಟ್ಟಳು, ನಮಸ್ಕಾರ ಮಾಡಿದಳು. ನಾನು ಮುಡಿಸಿದ ಹೂವು, ನನ್ನ ಸೀರೆ, ಎಷ್ಟು ಚಂದ ಕಾಣುತ್ತಿದ್ದಳು. ಸೋದರಮಾವ ಮೆತ್ತಗೆ ಹೇಳಿದರು:

"ಬೇಜಾರ್ ಮಾಡ್ಕಬೇಡ ಮಗ. ಒಂದ್ ನಾಕ್ ಹೆಜ್ಜೆ ನಡುದು ತೋರ್ಸವ್ವ. ಕಾಲು ಹೆಂಗೈತೆ ಅಂತ ನೋಡಾದು, ಅಷ್ಟೇಯ."

ಅವಳು ಬಾಗಿಲಿನಿಂದ ತುಳಸಿ ಕಟ್ಟೆಯವರೆಗೆ ನಡೆದಳು. ಅರ್ಧ ದಾರಿಗೆ ಹೋಗಿದ್ದಳೋ ಇಲ್ಲವೋ, ಹುಡುಗನ ತಾಯಿ ಫಕ್ಕನೆ ನಕ್ಕುಬಿಟ್ಟರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುಚ್ಚಿದಷ್ಟೂ ನಗು ಉಕ್ಕಿತು.

"ತಪ್ ತಿಳ್ಕಬೇಡಿ ಕಣ್ರವ್ವಾ... ನಾ ಇವ್ಳನ್ನ ಕಂಡು ನಗ್ತಿಲ್ಲ. ಬರ್ತಾ ಅಂಗ್ಡೀಲಿ ಒಂದ್ ಬೊಂಬೆ ಕಂಡೋ... ಥೇಟ್ ಹಂಗೇ..."

ಸೋದರಮಾವ "ಏ, ಸುಮ್ಕಿರಕ್ಕ" ಎಂದು ಗದರಿದರೂ ಅವರ ಮೀಸೆಯ ಕೆಳಗೂ ನಗು ಇತ್ತು. ಹುಡುಗ ತಲೆ ತಗ್ಗಿಸಿ ಚಾಪೆಯ ಅಂಚು ಕೀಳುತ್ತ ಕೂತಿದ್ದ. ಅವಳು ತುಳಸಿ ಕಟ್ಟೆ ಮುಟ್ಟಿ ತಿರುಗಿದಳು. ಅವರನ್ನು ನೋಡಲಿಲ್ಲ, ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ನನ್ನ ಪಕ್ಕದಿಂದಲೇ ಹಾದು ಒಳಗೆ ಹೋದಳು.

ಸೋದರಮಾವ ಗಂಟಲು ಸರಿಮಾಡಿಕೊಂಡು, "ನಮ್ಗೆ ಒಪ್ಗೆ" ಎಂದರು.

ಒಳಗಿನಿಂದ ಅವಳ ದನಿ ಬಂತು. "ನಂಗ್ ಒಪ್ಗೆ ಇಲ್ಲ."

"ಏ, ಬಾಯ್ ಮುಚ್ಚೇ!" ತಾಯಿ ಒಳಗೆ ಓಡಿದರು. "ತಲೆ ಕೆಟ್ಟೈತಾ ನಿಂಗೆ? ಇಂಥವ್ರು ಇನ್ನೆಲ್ಲಿ ಸಿಕ್ಕಾರು?"

"ಆ ಮನೇಲಿ ದಿನಾ ನೀರು ತರಕ್ಕೆ ಹೋಗ್ಬೇಕಲ್ವಾ ಅವ್ವ? ದಿನಾ ನಗ್ತಾರೆ."

ಬಂದವರು ಸ್ವಲ್ಪ ಹೊತ್ತು ಕಾದರು. ಹುಡುಗನ ತಾಯಿ ನಿಜವಾಗಿ ನೊಂದುಕೊಂಡು ಕಣ್ಣೀರು ತೆಗೆದರು. ಅವಳು ಹೊರಗೆ ಬರಲಿಲ್ಲ. ಮಾರನೆಯ ದಿನ ಸೀರೆ ಮಡಿಸಿ ತಂದುಕೊಟ್ಟವರು ತಾಯಿ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. "ಬೊಂಬೆ ಭಾಳ ಚೆನ್ನಾಗಿತ್ತಂತೆ ಅಮ್ಮೋರೆ. ಬಂದೋರೇ ಹೇಳುದ್ರು" ಎಂದು ಸೀರೆಯನ್ನು ಜಗಲಿಯ ಮೇಲಿಟ್ಟು ಹೋದರು.

ಅವತ್ತೇ ಕಾಕಾನ ಅಂಗಡಿಗೆ ಹೋದೆ. ವಿಷಯ ಹೇಳಿದ ಕೂಡಲೇ ಅವರು ಬೊಂಬೆಯನ್ನು ಕೆಳಗಿಳಿಸಿದರು.

"ಅಯ್ಯೋ ಪಡಚ್ಚೋನೆ! ಅದು ಆ ಹುಡುಗಿ ಅಂತ ನಂಗೆ ಗೊತ್ತಿಲ್ಲ ಟೀಚರಮ್ಮ. ಜನ ನಗ್ತದೆ, ಬೊಂಬೆ ಅಲ್ವಾ, ನಗ್ತದೆ ಅಂತ ನಾನು."

"ನಂಗೆ ಗೊತ್ತಿತ್ತು ಕಾಕಾ."

ಅವರು ಡಬ್ಬದಲ್ಲಿದ್ದ ರಾಗಿಯನ್ನು ಚೀಲಕ್ಕೆ ಸುರಿದು ನನ್ನ ಕೈಗೆ ಕೊಟ್ಟರು. ಅದು ಅವರದೇ ರಾಗಿ. ಬೇಡವೆನ್ನದೆ ತೆಗೆದುಕೊಂಡೆ.

ಅಂಗಡಿಯದು ಹೋಯಿತು. ರಟ್ಟುಗಳು? ಯಾರ್ಯಾರಿಗೆ ಕೊಟ್ಟೆನೋ ಅವರ ಮನೆಗಳಿಗೆಲ್ಲ ಹೋದೆ. ಕುಂಬಾರರ ಮನೆಯಲ್ಲಿ ಒಂದು ನಡೆಯುತ್ತಿತ್ತು, ಪಟೇಲರ ಮನೆಯ ಪಡಸಾಲೆಯಲ್ಲಿ ಒಂದು. ಬೊಂಬೆ ಬೇಕಾದರೆ ಇಟ್ಟುಕೊಳ್ಳಿ, ರೀಲಿನ ತೂತನ್ನು ಮಾತ್ರ ಬದಲಾಯಿಸಿ, ಎರಡೂ ಕಾಲು ಸಮ ಮಾಡಿಕೊಳ್ಳಿ ಎಂದು ಕೇಳಿದೆ. ಕುಂಬಾರಗಿತ್ತಿ ನನ್ನನ್ನೇ ಮರುಳಿ ಎಂಬಂತೆ ನೋಡಿದಳು.

"ಸಮ ಮಾಡುದ್ರೆ ಜೀವ ಹೋಯ್ತದೆ ಅಂತ ನೀವೇ ಹೇಳ್ಕೊಟ್ರಲ್ಲ ಅಮ್ಮೋರೆ?"

ನಾನೇ ಹೇಳಿಕೊಟ್ಟಿದ್ದೆ. ಅವಳ ತಂಗಿ ತನ್ನೂರಿಗೆ ಒಯ್ದ ರಟ್ಟಿನಿಂದ ಅಲ್ಲಿ ಇನ್ನೆಷ್ಟು ರಟ್ಟು ಕತ್ತರಿಸಿದ್ದಾರೋ 'ಲೆಕ್ಕ ಇಟ್ಟೋರ್ಯಾರು' ಎಂದಳು. ಕೊಟ್ಟ ಹಾಲನ್ನು ವಾಪಸು ಕೇಳಬಹುದು, ಅದು ಮೊಸರಾಗಿ ಊರೆಲ್ಲ ಹೆಪ್ಪಿಗೆ ಹೋದ ಮೇಲೆ ಯಾವುದನ್ನು ಕೇಳುವುದು? ಮನೆಗೆ ಬಂದು ಯಜಮಾನರ ಮುಂದೆ ಅತ್ತೆ. ಅವರು "ಅವಳನ್ನ ಕೇಳಿದ್ಯಾ ಅಂದಿದ್ದೆ" ಎನ್ನಬಹುದಿತ್ತು. ಎನ್ನಲಿಲ್ಲ. ತಾವೇ ಕಾಫಿ ಬೆರೆಸಿಕೊಂಡು ನನಗೂ ಒಂದು ಲೋಟ ತಂದಿಟ್ಟರು.

ಹಾಲು ನಿಲ್ಲಲಿಲ್ಲ. ನಿಲ್ಲಿಸಲು ಅವರಿಗೆ ಹೇಗೆ ಸಾಧ್ಯ? ಆದರೆ ಅವಳು ಬೇಲಿಯ ಒಳಗೆ ಬರುವುದನ್ನು ಬಿಟ್ಟಳು. ಬೇಲಿ ಬಾಗಿಲ ಹೊರಗೆ ಪಾತ್ರೆ ಇಳಿಸಿ, "ಹಾಲು" ಎಂದು ಒಂದೇ ಮಾತು ಕೂಗಿ ನಿಲ್ಲುತ್ತಿದ್ದಳು. ನಾನೇ ಪಾತ್ರೆ ಹಿಡಿದು ಹೋಗಬೇಕು. ಅಳೆದು ಕೊಟ್ಟ ಮೇಲೂ ಹೊರಡುತ್ತಿರಲಿಲ್ಲ. ನಾನು ಒಳಗೆ ಹೋಗಲಿ ಎಂದು ಕಾಯುತ್ತಿದ್ದಳು. ಮೊದಲ ದಿನ ನನಗೆ ಅರ್ಥವಾಗಲಿಲ್ಲ. ಎರಡನೆಯ ದಿನ ಅರ್ಥವಾಯಿತು. ನಾನು ನೋಡುತ್ತಿರುವಾಗ ಅವಳು ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ. ಆಮೇಲೆ ಹಾಲು ತೆಗೆದುಕೊಂಡ ಕೂಡಲೇ ಬೆನ್ನು ತಿರುಗಿಸಿ ನಡೆದುಬಿಡುತ್ತಿದ್ದೆ. ಕಿಟಕಿಗೆ ಒಂದು ಗೋಣಿಚೀಲ ಕಟ್ಟಿದೆ. ಒಲೆಯ ಹೊಗೆ ಹೊರಗೆ ಹೋಗದೆ ಕಣ್ಣು ಉರಿಯುತ್ತಿತ್ತು. ಉರಿಯಲಿ ಎಂದು ಬಿಟ್ಟೆ.

ಮುಂದಿನ ನವರಾತ್ರಿಗೆ ಸುಮ್ಮನಿರುವ ಬೊಂಬೆಗಳನ್ನಷ್ಟೇ ಕೂರಿಸಿದೆ. ಬಂದ ಹೆಂಗಸರು ಕೆಳಗಿನ ಮೆಟ್ಟಿಲನ್ನು ನೋಡಿ, "ಈ ಸರ್ತಿ ಏನೂ ಇಲ್ವಾ?" ಎಂದು ಮುಖ ಚಿಕ್ಕದು ಮಾಡಿಕೊಂಡು ಹೋದರು. ಒಂದು ಮಧ್ಯಾಹ್ನ, ಯಾರೂ ಬರದ ಹೊತ್ತಿನಲ್ಲಿ, ಅಂಗಳದಲ್ಲಿ ಕೆಮ್ಮಿದ ಸದ್ದಾಯಿತು. ಹಾಲಿನ ಹುಡುಗಿ. ಖಾಲಿ ಪಾತ್ರೆ ಸೊಂಟದ ಮೇಲಿತ್ತು.

"ಅಕ್ಕೋರೆ, ಅದು ಐತಾ?"

"ಯಾವುದೇ?"

"ಅದೇ. ನಾನು."

ನನ್ನ ಕಣ್ಣು ಟ್ರಂಕಿನ ಕಡೆಗೆ ಹೋಯಿತು.

"ಊರ್ನೋರೆಲ್ಲ ನೋಡವ್ರೆ. ನೋಡ್ದೆ ಇರೋಳು ನಾನೊಬ್ಳೇ. ಅಂಗ್ಡಿ ಮುಂದೂ ಮುಖ ತಿರುಗಿಸ್ಕಂಡೇ ಹೋಯ್ತಿದ್ದೆ. ಒಂದ್ಸಲ ತೋರ್ಸಿ."

ಬೇಡ ಕಣೇ ಎಂದೆ. ಅವಳು ಆಗಲೇ ಕಂಬಕ್ಕೆ ಒರಗಿ ಕೂತಾಗಿತ್ತು. ಟ್ರಂಕಿನ ತಳದಿಂದ ತೆಗೆದು, ಜೋಡಿಸಿ, ಡಬ್ಬಕ್ಕೆ ರಾಗಿ ಸುರಿದೆ. ಅರ್ಧ ನೆಲಕ್ಕೆ ಬಿತ್ತು. ಬೊಂಬೆ ಬಾಗಿತು, ಎದ್ದಿತು. ಚಕ್ರದ ಟಿಕ್ ಟಿಕ್ ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ಅವಳು ರೆಪ್ಪೆ ಹಾಕದೆ ನೋಡಿದಳು. ರಾಗಿ ಮುಗಿದು ಅದು ನಿಂತ ಮೇಲೂ ನೋಡುತ್ತಲೇ ಇದ್ದಳು.

"ಇದು ಬಲಗಾಲು ಎಳೀತದಲ್ಲ."

"ಏನು?"

"ಇದರದು ಬಲಗಾಲು. ನಂದು ಎಡಗಾಲು." ಸೀರೆಯನ್ನು ಸ್ವಲ್ಪ ಎತ್ತಿ ಸೊರಗಿದ ಕಾಲನ್ನು ಮುಂದೆ ಚಾಚಿದಳು. ಎಡಗಾಲು.

ನಾನು ಬೊಂಬೆಯನ್ನೂ ಕಾಲನ್ನೂ ನೋಡಿದೆ. ಅವಳು ಎದುರಿನಿಂದ ಬರುವುದನ್ನು ಕಿಟಕಿಯಲ್ಲಿ ನಿಂತು ನೋಡಿದ್ದೆ. ನನ್ನ ಬಲಗೈ ಕಡೆಗೆ ಬಾಗುತ್ತಿದ್ದಳು. ಬೊಂಬೆ ಮಾಡುವಾಗ ಅದರ ಬೆನ್ನ ಹಿಂದೆ ಕೂತು, ನನ್ನ ಬಲಗೈ ಕಡೆಯ ರೀಲನ್ನೇ ಕೊರೆದಿದ್ದೆ. ಅಷ್ಟೇ ತಪ್ಪು. ನಾನೂ ಕಂಡಿರಲಿಲ್ಲ, ಅಷ್ಟು ನಕ್ಕ ಊರಿನಲ್ಲಿ ಒಬ್ಬರೂ ಕಂಡಿರಲಿಲ್ಲ.

"ದಿನಾ ಕಿಟ್ಕೀಲಿ ನಿಂತ್ಕಂಡು ನೋಡ್ತಿದ್ರಿ. ನೀವು ನೋಡೋದ್ನ ನಾನೂ ನೋಡ್ತಿದ್ದೆ. ಅಕ್ಕೋರಿಗೆ ನನ್ನ ಕಂಡ್ರೆ ಇಷ್ಟ ಅಂದ್ಕಂಡು ಆ ತಿರುವು ಬಂದ್ರೆ ಸೆರಗು ಸರಿ ಮಾಡ್ಕತಿದ್ದೆ."

"ಇಷ್ಟವೇ ಕಣೇ. ನಿಜವಾಗ್ಲೂ."

"ಇಷ್ಟ ಇದ್ದಿದ್ರೆ ಕಾಲು ಯಾವ್ದು ಅಂತ ಗೊತ್ತಿರ್ತಿರ್ಲಿಲ್ವಾ?"

ಕೋಪದಿಂದ ಕೇಳಲಿಲ್ಲ. ಪಾತ್ರೆ ತೊಳೆದಿಲ್ಲವಾ ಎಂದು ಕೇಳುತ್ತಿದ್ದಳಲ್ಲ, ಅದೇ ದನಿ. ಒಡೆದು ಒಲೆಗೆ ಹಾಕಿಬಿಡುತ್ತೇನೆ ಎಂದು ಬೊಂಬೆಗೆ ಕೈ ಹಾಕಿದೆ. ಅವಳು ತಡೆದಳು.

"ಬ್ಯಾಡಿ. ಇದು ನಾನಲ್ವಲ್ಲ. ಯಾವಳೋ ಪಾಪ." ನೆಲದ ಮೇಲೆ ಚೆಲ್ಲಿದ್ದ ರಾಗಿಯನ್ನು ಅಂಗೈಯಿಂದ ಬಳಿದು ಗುಡ್ಡೆ ಮಾಡಿ ಮೊರಕ್ಕೆ ಹಾಕಿದಳು. ಎದ್ದು ಪಾತ್ರೆ ತಲೆಗೇರಿಸಿದಳು. ಅಭ್ಯಾಸದಂತೆ ನಾನು ಬೆನ್ನು ತಿರುಗಿಸಿದೆ.

"ತಿರುಗ್ಬ್ಯಾಡಿ ಅಕ್ಕೋರೆ. ನೋಡಿ."

ನೋಡಿದೆ. ಅಂಗಳ ದಾಟಿ, ಬೇಲಿ ಬಾಗಿಲು ದಾಟಿ, ಹೊಲದ ಬದುವಿಗೆ ಹೋಗದೆ ಬೀದಿಯಲ್ಲೇ, ತಿರುವಿನವರೆಗೂ. ಎಡಗಾಲು. ಪ್ರತಿ ಹೆಜ್ಜೆಗೂ ಎಡಗೈ ತೊಡೆಯ ಮೇಲೆ ಮೆಲ್ಲನೆ ಊರಿ ಏಳುತ್ತಿತ್ತು. ಅದನ್ನೂ ನಾನು ಹಿಂದೆ ಕಂಡಿರಲಿಲ್ಲ. ಆ ನಡೆಯಲ್ಲಿ ನೋವು ಇತ್ತು. ನಾನು ಅದನ್ನು ಓಲಾಟ ಎಂದುಕೊಂಡಿದ್ದೆ.

ಮಾರನೆಯ ಬೆಳಗ್ಗೆ ಕಿಟಕಿಯ ಗೋಣಿಚೀಲ ಬಿಚ್ಚಿದೆ. ಅವಳು ಬೇಲಿಯ ಒಳಗೆ ಬಂದು ಜಗಲಿಯ ಹತ್ತಿರವೇ ಹಾಲು ಅಳೆದಳು. ಮಾತು ಮೊದಲಿನಷ್ಟು ಬೆಳೆಯಲಿಲ್ಲ. ನಮಗೆ ಕೊಡಗಿನ ದಕ್ಷಿಣಕ್ಕೆ, ಬಾಳೆಲೆ ಎಂಬ ಊರಿನ ಕಡೆಗೆ ವರ್ಗವಾಗುವ ತನಕ ಅವಳಿಗೆ ಬೇರೆ ಗಂಡು ಕೂಡಿ ಬಂದಿರಲಿಲ್ಲ. ಆಮೇಲಿನದು ತಿಳಿಯದು. ತಿಳಿದುಕೊಳ್ಳಬಹುದಿತ್ತು, ಒಂದು ಕಾಗದ ಬರೆದರೆ ಸಾಕಿತ್ತು. ಬರೆಯಲಿಲ್ಲ.

ಕೆಲವು ವರ್ಷಗಳ ಮೇಲೆ ಶ್ರೀಮಂಗಲದಲ್ಲಿ ಯಾರದೋ ಮದುವೆಗೆ ಹೋಗಿದ್ದೆವು. ಬಸ್ಸಿಗೆ ಕಾಯುತ್ತ ಒಂದು ಅಂಗಡಿಯ ಮುಂದೆ ನಿಂತಾಗ ಒಳಗಿನಿಂದ ಟಿಕ್ ಟಿಕ್ ಕೇಳಿಸಿತು. ಹಲಗೆಯ ಮೇಲೆ ಬೊಂಬೆ. ಕೊಡವರ ಹೆಂಗಸಿನ ಹಾಗೆ ನೆರಿಗೆ ಹಿಂದಕ್ಕೆ ಬರುವಂತೆ ಸೀರೆ ಉಡಿಸಿದ್ದರು, ತಲೆಗೆ ವಸ್ತ್ರ ಕಟ್ಟಿದ್ದರು. ರಾಗಿಯ ಬದಲು ಮೇಲಿನಿಂದ ಒಣಗಿದ ಕರಿಮೆಣಸು ಬೀಳುತ್ತಿತ್ತು. ನೋಡುತ್ತಿದ್ದವರು ನಗುತ್ತಿದ್ದರು. ಮಾಡಿದ್ದು ಯಾರು ಎಂದು ಕೇಳಿದರೆ ಅಂಗಡಿಯವನಿಗೂ ಗೊತ್ತಿರಲಿಲ್ಲ. ಯಾರೋ ಒಂದು ರಟ್ಟು ಕೊಟ್ಟಿದ್ದರಂತೆ.

ಇದು ಅವಳಲ್ಲ ಎಂದು ಹೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಯಾವಳು ಎಂದು ಅವರು ಕೇಳುತ್ತಾರೆ. ಆಗ ಹೇಳಬೇಕಾಗುತ್ತದೆ. ಹೇಳಿದರೆ ಅವಳನ್ನು ಆ ಹಲಗೆಯ ಮೇಲೆ ನಾನೇ ಮತ್ತೊಮ್ಮೆ ನಿಲ್ಲಿಸಿದ ಹಾಗೆ. ಯಜಮಾನರು ನನ್ನ ಮುಖ ನೋಡಿ, "ಬಸ್ಸು ಬಂತು, ಬಾ" ಎಂದರು. ಬಸ್ಸು ಇನ್ನೂ ಬಂದಿರಲಿಲ್ಲ. ಇಬ್ಬರೂ ರಸ್ತೆಯ ಆಚೆ ಬದಿಗೆ ಹೋಗಿ ನಿಂತೆವು. ಅಲ್ಲಿಗೂ ಕೇಳಿಸುತ್ತಿತ್ತು. ಬಲಗಾಲು ಎಳೆಯುತ್ತ ಅದು ನಡೆಯುತ್ತಲೇ ಇತ್ತು.